ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ: ಇಎಸ್‌ಐ ಅನಾರೋಗ್ಯ ಸೌಲಭ್ಯದ ಮೊದಲ ಪಾಠ

ಡೆಂಗಿ ಜ್ವರವೆಂದು ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದೀರಿ ಎಂದುಕೊಳ್ಳಿ. ಜ್ವರ ಬಿಟ್ಟಿದೆ, ಸುಸ್ತು ಬಿಟ್ಟಿಲ್ಲ. ಇನ್ನೊಂದು ವಾರ ಕೆಲಸಕ್ಕೆ ಹೋಗಬೇಡಿ ಎಂದು ವೈದ್ಯರು ಹೇಳಿದ್ದಾರೆ. ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿಕೊಂಡು ಹಿರೇಹಳ್ಳಿಗೋ ಅಂತರಸನಹಳ್ಳಿಗೋ ವಸಂತನರಸಾಪುರಕ್ಕೋ ದಿನವೂ ಹೋಗಿಬಂದು ದುಡಿಯುವ ನಿಮಗೆ ಈಗ ಮನೆ ಬಾಡಿಗೆಯ ಚಿಂತೆ. ಹೋಗದ ದಿನಗಳ ಸಂಬಳ ಎಲ್ಲಿಂದ ಬರಬೇಕು?

ಇದಕ್ಕೆ ನಮ್ಮ ದೇಶದ ಕಾನೂನಿನಲ್ಲಿ ಒಂದು ಉತ್ತರವಿದೆ. ಅದರ ಹೆಸರು ಅನಾರೋಗ್ಯ ಸೌಲಭ್ಯ. ನಿಮ್ಮ ಸಂಬಳದ ಚೀಟಿಯಲ್ಲಿ ಪಿಎಫ್ ಸಾಲಿನ ಹತ್ತಿರವೇ ‘ಇಎಸ್‌ಐ’ ಎಂಬ ಸಾಲೊಂದು ಇರುತ್ತದಲ್ಲ, ಅಲ್ಲಿ ಕಡಿತವಾಗುವ ನೂರು ಚಿಲ್ಲರೆ ರೂಪಾಯಿಗೂ ಈ ಉತ್ತರಕ್ಕೂ ನೇರ ಸಂಬಂಧವಿದೆ. ಇದರ ಬಗ್ಗೆ ನಿಮಗೆ ಏನೂ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಒಂದೊಂದೇ ಮೆಟ್ಟಿಲು ಹತ್ತೋಣ.

ಇಎಸ್‌ಐ ಎಂದರೆ ಕಾರ್ಮಿಕರ ರಾಜ್ಯ ವಿಮಾ ಯೋಜನೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1943ರಲ್ಲಿ, ಕೈಗಾರಿಕಾ ಕಾರ್ಮಿಕರಿಗೆ ಆರೋಗ್ಯ ವಿಮೆಯ ಯೋಜನೆಯೊಂದನ್ನು ರೂಪಿಸಿಕೊಡುವಂತೆ ಸರ್ಕಾರ ಪ್ರೊ. ಬಿ.ಪಿ. ಅಡಾರ್ಕರ್ ಅವರನ್ನು ನೇಮಿಸಿತು. ಅವರು 1944ರಲ್ಲಿ ಕೊಟ್ಟ ವರದಿಯೇ 1948ರ ಕಾಯ್ದೆಗೆ ತಳಹದಿ. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾಯಿತು. ನಮ್ಮ ರಾಜ್ಯಕ್ಕೆ, ಮೊದಲು ಬೆಂಗಳೂರಿಗೆ, 1958ರ ಜುಲೈನಲ್ಲಿ ಬಂತು. 2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಯೋಜನೆ ಅದರೊಳಗೆ ಮುಂದುವರಿದಿದೆ. ನಾನಿಲ್ಲಿ ಹೇಳುವ ದಿನಗಳ ಲೆಕ್ಕ ಇಷ್ಟು ವರ್ಷ ನಡೆದುಬಂದ ನಿಯಮಗಳದ್ದು. ಅರ್ಜಿ ಹಾಕುವ ಹೊತ್ತಿಗೆ ಇಎಸ್‌ಐ ಶಾಖಾ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗಳು ಈ ಯೋಜನೆಗೆ ಸೇರುತ್ತವೆ. ತಿಂಗಳ ವೇತನ 21,000 ರೂಪಾಯಿಯ ಒಳಗಿರುವವರು, ಅಂಗವಿಕಲರಾದರೆ 25,000ದ ಒಳಗಿರುವವರು, ಇದರ ವಿಮಾದಾರರು. ವೇತನದ ಶೇ 0.75 ನಿಮ್ಮ ಪಾಲು, ಶೇ 3.25 ಮಾಲೀಕರ ಪಾಲು. ಈ ದರ 2019ರ ಜುಲೈನಿಂದ ಜಾರಿಯಲ್ಲಿದೆ. ಈ ಹಣಕ್ಕೆ ವಂತಿಗೆ ಎನ್ನುತ್ತಾರೆ. ದಿನಕ್ಕೆ 600 ರೂಪಾಯಿಯಂತೆ ತಿಂಗಳಿಗೆ 26 ದಿನ ದುಡಿದರೆ 15,600 ರೂಪಾಯಿ. ಅದರಲ್ಲಿ ನಿಮ್ಮ ವಂತಿಗೆ 117, ಮಾಲೀಕರದು 507. ಮಾಲೀಕರ ಪಾಲನ್ನು ನಿಮ್ಮ ಸಂಬಳದಿಂದ ಕಡಿಯುವಂತಿಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಿ. ಗುತ್ತಿಗೆದಾರರ ಮೂಲಕ ಕೆಲಸಕ್ಕೆ ಸೇರಿದವರಿಗೂ ಈ ಹಕ್ಕಿದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಂಡೇ ಮುಂದೆ ಹೋಗಬೇಕು. ‘ನನ್ನ ಹತ್ತಿರ ಆಯುಷ್ಮಾನ್ ಕಾರ್ಡ್ ಇದೆಯಲ್ಲ’ ಎಂದು ನೀವು ಕೇಳಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಭರಿಸುತ್ತದೆ. ಆ ಹಣ ಹೋಗುವುದು ಆಸ್ಪತ್ರೆಗೆ. ಅನಾರೋಗ್ಯ ಸೌಲಭ್ಯದ ಹಣ ಬರುವುದು ನಿಮ್ಮ ಬ್ಯಾಂಕ್ ಖಾತೆಗೆ, ಕಳೆದುಕೊಂಡ ಸಂಬಳದ ಬದಲಾಗಿ. ಚಿಕಿತ್ಸೆ ಬೇರೆ, ಸಂಬಳ ಬೇರೆ. ಇಎಸ್‌ಐ ಎರಡನ್ನೂ ಕೊಡುತ್ತದೆ. ಚಿಕಿತ್ಸೆಯನ್ನು ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಕೊಡುತ್ತದೆ, ಸಂಬಳದ ಬದಲಿ ಹಣವನ್ನು ಮಾತ್ರ ಅರ್ಹತೆ ನೋಡಿ ಕೊಡುತ್ತದೆ.

ಅರ್ಹತೆ ಎಂದರೇನು? ನಿಧಾನವಾಗಿ ಓದಿ, ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಯೋಜನೆಯವರು ವರ್ಷವನ್ನು ಎರಡು ಭಾಗ ಮಾಡಿದ್ದಾರೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30 ಒಂದು ವಂತಿಗೆ ಅವಧಿ, ಅಕ್ಟೋಬರ್ 1ರಿಂದ ಮಾರ್ಚ್ 31 ಇನ್ನೊಂದು. ಪ್ರತಿ ವಂತಿಗೆ ಅವಧಿಗೂ ಅದರದೇ ಆದ ಸೌಲಭ್ಯ ಅವಧಿ ಇದೆ, ಅದು ಮೂರು ತಿಂಗಳು ಬಿಟ್ಟು ಶುರುವಾಗುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದರ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದರ ಫಲ ಜುಲೈಯಿಂದ ಡಿಸೆಂಬರ್‌ವರೆಗೆ. ನಮ್ಮ ಕಡೆ ಮಳೆಗಾಲದಲ್ಲಿ ಬಿತ್ತಿದ ರಾಗಿಯನ್ನು ಸಂಕ್ರಾಂತಿಯ ಹೊತ್ತಿಗೆ ಕಣದಿಂದ ಮನೆ ತುಂಬಿಸಿಕೊಂಡು, ಮುಂದಿನ ವರ್ಷವೆಲ್ಲ ಅದನ್ನೇ ಉಣ್ಣುತ್ತೇವಲ್ಲ, ಹಾಗೆ. ಇಂದು ಉಣ್ಣುವುದು ಇಂದು ಬಿತ್ತಿದ್ದನ್ನಲ್ಲ.

ಹಾಗಾಗಿ ನಿಮಗೆ ಆಗಸ್ಟ್‌ನಲ್ಲಿ ಜ್ವರ ಬಂದಿದ್ದರೆ, ಜುಲೈ ಸಂಬಳದಲ್ಲಿ ವಂತಿಗೆ ಕಡಿತವಾಗಿದೆಯೇ ಎಂಬುದನ್ನು ಶಾಖಾ ಕಚೇರಿಯವರು ನೋಡುವುದಿಲ್ಲ. ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಆರು ತಿಂಗಳಲ್ಲಿ ಕನಿಷ್ಠ 78 ದಿನಗಳ ವಂತಿಗೆ ನಿಮ್ಮ ಹೆಸರಿನಲ್ಲಿ ಇದೆಯೇ ಎಂದು ನೋಡುತ್ತಾರೆ. ತಿಂಗಳಿಗೆ 26 ಕೆಲಸದ ದಿನದಂತೆ ಆರು ತಿಂಗಳಿಗೆ 156 ದಿನವಾಗುತ್ತದೆ. ಅದರ ಸರಿ ಅರ್ಧ 78. ಸಂಬಳಸಹಿತ ರಜೆಯ ದಿನಗಳೂ ಈ ಲೆಕ್ಕಕ್ಕೆ ಸೇರುತ್ತವೆ. 78ಕ್ಕೆ ಒಂದೇ ದಿನ ಕಡಿಮೆಯಾದರೂ ಅರ್ಹತೆ ಇಲ್ಲ.

ನೀವು ಜೀವನದಲ್ಲಿ ಮೊದಲ ಸಲ ಇಎಸ್‌ಐ ಇರುವ ಕೆಲಸಕ್ಕೆ ಸೇರಿದವರಾದರೆ ಲೆಕ್ಕ ಸ್ವಲ್ಪ ಬೇರೆ. ಸೇರಿದ ದಿನದಿಂದ ಒಂಬತ್ತು ತಿಂಗಳು ತುಂಬಿದ ಮೇಲೆ ನಿಮ್ಮ ಮೊದಲ ಸೌಲಭ್ಯ ಅವಧಿ ಶುರುವಾಗುತ್ತದೆ. ಜೂನ್ 10ರಂದು ಸೇರಿದವರಿಗೆ ಮುಂದಿನ ಮಾರ್ಚ್ 10ರಿಂದ. ಮೊದಲ ವಂತಿಗೆ ಅವಧಿ ಹೀಗೆ ಮೊಟಕಾಗಿದ್ದರೆ 78 ದಿನ ಬೇಕೆಂದಿಲ್ಲ, ಆ ಅವಧಿಯಲ್ಲಿ ಸಿಕ್ಕ ಕೆಲಸದ ದಿನಗಳಲ್ಲಿ ಅರ್ಧವಾದರೂ ಇದ್ದರೆ ಸಾಕು.

ದಿನಗಳ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಹತ್ತಿರದಿಂದ ತೋರಿಸುತ್ತೇನೆ. ಒಬ್ಬ ಹೆಣ್ಣುಮಗಳು ಒಂದು ಗಾರ್ಮೆಂಟ್ಸ್‌ನಲ್ಲಿ 40 ದಿನ ದುಡಿದು ಬಿಟ್ಟು, ಇನ್ನೊಂದರಲ್ಲಿ 45 ದಿನ ದುಡಿಯುತ್ತಾಳೆ ಎಂದಿಟ್ಟುಕೊಳ್ಳಿ. ಒಟ್ಟು 85 ದಿನ, ಅರ್ಹತೆ ಇದೆ. ಆದರೆ ಎರಡನೆಯ ಕಡೆ ಸೇರುವಾಗ ಹಳೆಯ ಇಎಸ್‌ಐ ನಂಬರ್ ಹೇಳದೆ ಹೊಸ ನಂಬರ್ ಮಾಡಿಸಿಕೊಂಡರೆ, ದಾಖಲೆಯಲ್ಲಿ ಒಂದು ನಂಬರಿಗೆ 40, ಇನ್ನೊಂದಕ್ಕೆ 45. ಎರಡೂ 78 ಮುಟ್ಟುವುದಿಲ್ಲ. ವಿಮಾ ಸಂಖ್ಯೆ ಎಂಬ ಈ ಹತ್ತು ಅಂಕಿಯ ನಂಬರ್ ನಿಮಗೆ ಒಂದೇ ಸಲ ಸಿಗುವಂಥದ್ದು, ಎಷ್ಟು ಕೆಲಸ ಬದಲಿಸಿದರೂ ಅದೇ ಇರಬೇಕು. ಹೊಸ ಕಡೆ ಸೇರುವ ದಿನ ಆಧಾರ್ ಕಾರ್ಡಿನ ಜೊತೆ ಇದನ್ನೂ ಕೊಡಿ. ಈಗಾಗಲೇ ಎರಡು ನಂಬರ್ ಆಗಿದ್ದರೆ, ಆರೋಗ್ಯವಾಗಿರುವಾಗಲೇ ಶಾಖಾ ಕಚೇರಿಗೆ ಹೋಗಿ ಸರಿಮಾಡಿಸಿಕೊಳ್ಳಿ.

ಮಾಲೀಕರು ಆಯಾ ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕಟ್ಟಿದ್ದಾರೆಯೇ ಎಂಬುದನ್ನು ಇಎಸ್‌ಐ ಜಾಲತಾಣದಲ್ಲಿ ನಿಮ್ಮ ನಂಬರ್ ಹಾಕಿ ನೀವೇ ನೋಡಬಹುದು. ಸಂಬಳದಲ್ಲಿ ಕಡಿದು ಅಲ್ಲಿ ಕಟ್ಟದೆ ಇದ್ದರೆ ಸಂಬಳದ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಂಡು ಶಾಖಾ ಕಚೇರಿಗೆ ಲಿಖಿತ ದೂರು ಕೊಡಿ. ಕಾರ್ಮಿಕರಿಗೆ ಸೌಲಭ್ಯ ಕೊಟ್ಟು ಅದನ್ನು ಮಾಲೀಕರಿಂದ ವಸೂಲು ಮಾಡುವ ಅಧಿಕಾರ ಯೋಜನೆ ನಡೆಸುವ ಇಎಸ್‌ಐ ನಿಗಮಕ್ಕಿದೆ.

ಅರ್ಹತೆಯ ಇನ್ನೊಂದು ಅರ್ಧಕ್ಕೆ ಬರೋಣ. ಆಸ್ಪತ್ರೆಗೆ ಸೇರಿದ್ದರಿಂದಲೇ ಹಣ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕಾನೂನು ಕೇಳುವುದು ಹಾಸಿಗೆಯನ್ನಲ್ಲ. ನಿಮಗೆ ಚಿಕಿತ್ಸೆ ಬೇಕಾಗಿದೆ, ಆ ಕಾರಣಕ್ಕೆ ಕೆಲಸದಿಂದ ದೂರ ಇರಲೇಬೇಕಾಗಿದೆ ಎಂದು ವೈದ್ಯರು ಬರೆದುಕೊಟ್ಟಿದ್ದಾರೆಯೇ ಎಂದಷ್ಟೇ ಅದು ನೋಡುತ್ತದೆ. ಆಸ್ಪತ್ರೆಗೆ ಸೇರದೆ ಮನೆಯಲ್ಲೇ ಕಾಮಾಲೆಗೆ ವಿಶ್ರಾಂತಿ ಪಡೆದವರಿಗೂ ಹಣ ಬರುತ್ತದೆ. ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿಯೂ ಪ್ರಮಾಣಪತ್ರ ತೆಗೆದುಕೊಳ್ಳದವರಿಗೆ ಬರುವುದಿಲ್ಲ.

ಪ್ರಮಾಣಪತ್ರ ಕೊಡುವವರು ಇಎಸ್‌ಐ ಚಿಕಿತ್ಸಾಲಯದ, ಅಂದರೆ ನೀವು ಡಿಸ್ಪೆನ್ಸರಿ ಎನ್ನುವ ಜಾಗದ, ವೈದ್ಯರು. ಆಸ್ಪತ್ರೆಯಿಂದ ಬಿಡುವಾಗ ಕೊಡುವ ಡಿಸ್ಚಾರ್ಜ್ ಸಮರಿ ಬೇರೆ, ಇದು ಬೇರೆ. ಡಿಸ್ಚಾರ್ಜ್ ಸಮರಿ ನಿಮಗೆ ಏನಾಗಿತ್ತು ಎಂದು ಹೇಳುತ್ತದೆ. ಪ್ರಮಾಣಪತ್ರ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ನೀವು ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ ಎಂದು ಹೇಳುತ್ತದೆ. ಊರಿನ ಖಾಸಗಿ ಆಸ್ಪತ್ರೆಯಲ್ಲೋ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲೋ ಸೇರಿದ್ದರೆ ಗಾಬರಿ ಬೇಡ. ಬೇರೆ ವೈದ್ಯರ ದಾಖಲೆಯನ್ನೂ ಪರಿಶೀಲಿಸಿ ಒಪ್ಪಲು ನಿಯಮದಲ್ಲಿ ಅವಕಾಶವಿದೆ. ಆದರೆ ಒಪ್ಪಿಗೆ ತಾನಾಗಿ ಸಿಗುವುದಿಲ್ಲ. ಡಿಸ್ಚಾರ್ಜ್ ಸಮರಿ, ರಕ್ತಪರೀಕ್ಷೆಯ ವರದಿ, ಔಷಧ ಚೀಟಿಗಳನ್ನು ಹಿಡಿದು ಆದಷ್ಟು ಬೇಗ ಡಿಸ್ಪೆನ್ಸರಿಗೆ ಹೋಗಿ ವೈದ್ಯರಿಗೆ ತೋರಿಸಿ. ನೀವು ಎದ್ದು ಹೋಗಲಾಗದಿದ್ದರೆ ಮನೆಯವರ ಕೈಲಾದರೂ ಸುದ್ದಿ ಮುಟ್ಟಿಸಿ.

ಪ್ರಮಾಣಪತ್ರದ ತಾರೀಖುಗಳನ್ನು ಅಲ್ಲೇ ನಿಂತು ಓದಿ. ಮೊದಲನೆಯದು 14ರಂದು ಮುಗಿದು ಮುಂದಿನದು 16ರಿಂದ ಶುರುವಾಗಿದ್ದರೆ, 15ನೇ ತಾರೀಖು ಯಾರ ಲೆಕ್ಕಕ್ಕೂ ಸೇರದೆ ಉಳಿಯುತ್ತದೆ. ಕೊನೆಯದಾಗಿ ‘ಕೆಲಸಕ್ಕೆ ಹೋಗಬಹುದು’ ಎಂಬ ಪ್ರಮಾಣಪತ್ರ, ಅಂದರೆ ಫಿಟ್‌ನೆಸ್, ಮರೆಯಬೇಡಿ. ಅದಿಲ್ಲದೆ ಕಾರ್ಖಾನೆಯವರು ಡ್ಯೂಟಿಗೆ ಸೇರಿಸಿಕೊಳ್ಳಲು ತಕರಾರು ಮಾಡಬಹುದು. ಇವುಗಳ ಜೊತೆ ಫಾರ್ಮ್ 9 ಎಂಬ ಅರ್ಜಿಯನ್ನು ತುಂಬಿ, ತಡಮಾಡದೆ ಶಾಖಾ ಕಚೇರಿಗೆ ಕೊಡಬೇಕು. ಆ ದಿನಗಳಲ್ಲಿ ನೀವು ಕೆಲಸಕ್ಕೆ ಬಂದಿರಲಿಲ್ಲ, ಸಂಬಳವನ್ನೂ ಪಡೆದಿಲ್ಲ ಎಂಬುದನ್ನು ಅವರು ಮಾಲೀಕರಿಂದ ಖಚಿತಪಡಿಸಿಕೊಳ್ಳುತ್ತಾರೆ.

ಈಗ ಹಣದ ಲೆಕ್ಕ. ನಿಮ್ಮ ಸರಾಸರಿ ದಿನದ ವೇತನದ ಶೇ 70 ಸಿಗುತ್ತದೆ. 600 ರೂಪಾಯಿಯವರಿಗೆ ದಿನಕ್ಕೆ 420. ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣವಿಲ್ಲ. ಇವಕ್ಕೆ ಕಾಯುವ ದಿನಗಳೆಂದು ಹೆಸರು. ಆಸ್ಪತ್ರೆಯ ಮೂರು ದಿನಕ್ಕೆ ಮಾತ್ರ ಪ್ರಮಾಣಪತ್ರ ಪಡೆದರೆ ಎರಡು ದಿನ ಹೋಗಿ ಒಂದು ದಿನದ 420 ರೂಪಾಯಿ ಕೈಗೆ ಬರುತ್ತದೆ. ಮನೆಯಲ್ಲಿ ವಿಶ್ರಾಂತಿ ಪಡೆದ ಏಳು ದಿನಕ್ಕೂ ವೈದ್ಯರು ಬರೆದುಕೊಟ್ಟಿದ್ದರೆ ಒಟ್ಟು ಹತ್ತು ದಿನ. ಎರಡು ಕಳೆದು ಎಂಟು ದಿನಕ್ಕೆ 3,360. ಅಲ್ಪಕಾಲ ಆಸ್ಪತ್ರೆಯಲ್ಲಿದ್ದವರಿಗೆ ಮನೆಯ ವಿಶ್ರಾಂತಿಯ ದಿನಗಳೇ ಹೆಚ್ಚು ಬೆಲೆಯುಳ್ಳವು, ಆದರೂ ಹೆಚ್ಚಿನವರು ಆ ದಿನಗಳಿಗೆ ಕಾಗದ ಮಾಡಿಸುವುದನ್ನೇ ಬಿಟ್ಟುಬಿಡುತ್ತಾರೆ.

ಎರಡು ಅನುಕ್ರಮ ಸೌಲಭ್ಯ ಅವಧಿಗಳಲ್ಲಿ, ಅಂದರೆ ಒಂದು ವರ್ಷದಲ್ಲಿ, ಹೆಚ್ಚೆಂದರೆ 91 ದಿನ ಸಿಗುತ್ತದೆ. ಕ್ಷಯದಂತಹ ದೀರ್ಘ ಕಾಯಿಲೆಗಳಿಗೆ ಹೆಚ್ಚು ದಿನ, ಹೆಚ್ಚು ದರದ ಬೇರೆ ಏರ್ಪಾಡಿದೆ. ಕೆಲಸದ ವೇಳೆ ಯಂತ್ರಕ್ಕೆ ಕೈ ಸಿಕ್ಕಿ ಗಾಯವಾದರೆ ಅದು ಅನಾರೋಗ್ಯ ಸೌಲಭ್ಯವಲ್ಲ. ಅದಕ್ಕೆ ಶೇ 90ರ ದರವಿದೆ, 78 ದಿನದ ಷರತ್ತೂ ಇಲ್ಲ. ಹಾಗಾಗಿ ಗಾಯವನ್ನು ಕಾಯಿಲೆ ಎಂದು ಬರೆಸಲು ಯಾರಾದರೂ ಹೇಳಿದರೆ ಒಪ್ಪಬೇಡಿ.

ಅದೇ ದಿನಗಳಿಗೆ ಕಂಪನಿಯಿಂದ ಸಂಬಳಸಹಿತ ರಜೆ ಪಡೆದಿದ್ದರೆ ಇಎಸ್‌ಐ ಹಣ ಸಿಗುವುದಿಲ್ಲ. ರಜೆ ಹಾಕುವ ಮುನ್ನ ಯೋಚಿಸಿ: ರಜೆ ಪೂರ್ಣ ಸಂಬಳ ಕೊಡುತ್ತದೆ, ಇಎಸ್‌ಐ ಶೇ 70 ಕೊಟ್ಟು ನಿಮ್ಮ ರಜೆಯನ್ನು ಉಳಿಸುತ್ತದೆ. ನನ್ನ ಸಲಹೆ ಕೇಳುವುದಾದರೆ, ಕಾಯುವ ಎರಡು ದಿನಕ್ಕೆ ರಜೆ ಹಾಕಿ, ಉಳಿದ ದಿನಗಳಿಗೆ ಇಎಸ್‌ಐ ಪಡೆಯಿರಿ.

ಹಣ ನೇರವಾಗಿ ಖಾತೆಗೆ ಬರುವುದರಿಂದ ಪಾಸ್‌ಬುಕ್ ಒಮ್ಮೆ ತೆಗೆದು ನೋಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹಳೆಯ ಐಎಫ್‌ಎಸ್‌ಸಿ ಸಂಕೇತವೇ ಇಎಸ್‌ಐ ದಾಖಲೆಯಲ್ಲಿ ಉಳಿದಿದ್ದರೆ ಮಂಜೂರಾದ ಹಣವೂ ತಡೆಯಬಹುದು.

ವಿಶ್ರಾಂತಿಯ ದಿನಗಳಲ್ಲಿ ಪಾಲಿಸಬೇಕಾದ ನಿಯಮವೊಂದಿದೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಬಂದು ಶೆಟ್ಟಿಹಳ್ಳಿಯಲ್ಲಿ ಇರುವವರಿಗೆ ಕಾಯಿಲೆ ಬಿದ್ದಾಗ ಅವ್ವನ ಮನೆ ನೆನಪಾಗುವುದು ಸಹಜ. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಚಿಕಿತ್ಸೆಯಲ್ಲಿರುವವರು ಅನುಮತಿ ಇಲ್ಲದೆ ಊರು ಬಿಡಬಾರದು ಎಂದು ಷರತ್ತಿರುವುದರಿಂದ, ಡಿಸ್ಪೆನ್ಸರಿ ವೈದ್ಯರನ್ನು ಕೇಳಿಯೇ ಹೋಗಿ. ಊರಿನಲ್ಲಿ ತೆಂಗಿನಕಾಯಿ ಸುಲಿಯುವುದೋ ಅಂಗಡಿಯಲ್ಲಿ ಕೂರುವುದೋ ಬೇಡ. ವಾಸಿಯಾಗುವುದನ್ನು ತಡಮಾಡುವಂಥ ಯಾವುದನ್ನೂ ಮಾಡಕೂಡದು ಎಂಬುದೂ ಷರತ್ತೇ. ನೀವು ಷರತ್ತು ಪಾಲಿಸುವಾಗ ಕಾನೂನೂ ನಿಮ್ಮನ್ನು ಕಾಯುತ್ತದೆ: ಅನಾರೋಗ್ಯ ಸೌಲಭ್ಯ ಪಡೆಯುತ್ತಿರುವ ದಿನಗಳಲ್ಲಿ ಮಾಲೀಕರು ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ.

ಕೆಲಸಕ್ಕೆ ಮರಳಿದ ಹತ್ತು ದಿನಕ್ಕೇ ಜ್ವರ ಮತ್ತೆ ಬಂದರೆ ಸುಮ್ಮನೆ ಮಾತ್ರೆ ನುಂಗಿ ಹೋಗಬೇಡಿ. ಹಿಂದಿನ ಸಲ ಸೌಲಭ್ಯ ಪಡೆದ ಕಾಯಿಲೆ ಮುಗಿದ 15 ದಿನದೊಳಗೆ ಮತ್ತೆ ಕಾಯಿಲೆಯಾದರೆ ಕಾಯುವ ಎರಡು ದಿನಗಳನ್ನು ಎರಡನೆಯ ಸಲ ಕಳೆಯುವುದಿಲ್ಲ, ಮೊದಲ ದಿನದಿಂದಲೇ 420 ರೂಪಾಯಿ ಸಿಗುತ್ತದೆ. ಡಿಸ್ಪೆನ್ಸರಿಗೆ ಹೋಗುವಾಗ ಹಿಂದಿನ ಪ್ರಮಾಣಪತ್ರದ ಪ್ರತಿಯನ್ನು ಜೊತೆಗಿಟ್ಟುಕೊಳ್ಳಿ.