ಡಿಬಗರ್ ಸಂಪರ್ಕ ತಪ್ಪಿದಾಗ: ದೋಷಶೋಧನೆಯ ಒಂದು ಕ್ರಮ

ಪ್ರಯೋಗಾಲಯಗಳಲ್ಲಿ ಪದೇ ಪದೇ ಕಾಣಸಿಗುವ ಪ್ರಸಂಗವೊಂದುಂಟು. ವಿದ್ಯಾರ್ಥಿಯೊಬ್ಬನು ಮೈಕ್ರೋಕಂಟ್ರೋಲರ್ ಬೋರ್ಡಿಗೆ ತನ್ನ ಮೊದಲ ಪ್ರೋಗ್ರಾಮನ್ನು ಬರೆದು ತುಂಬುತ್ತಾನೆ. ಬೋರ್ಡಿನ ಮೇಲಿನ ಪುಟ್ಟ ಎಲ್‌ಇಡಿ ದೀಪವು ಮಿನುಗತೊಡಗುತ್ತದೆ. ಅವನ ಹರ್ಷಕ್ಕೆ ಪಾರವಿರುವುದಿಲ್ಲ. ದೀಪವು ಇನ್ನಷ್ಟು ಬೇಗ ಬೇಗ ಮಿನುಗಲೆಂದು ಒಂದು ಸಾಲನ್ನು ತಿದ್ದಿ ಎರಡನೆಯ ಬಾರಿ ತುಂಬಲು ಹೊರಟಾಗ, ಚಿಪ್ಪಿನೊಡನೆ ಸಂಪರ್ಕ ಸಾಧ್ಯವಾಗಲಿಲ್ಲವೆಂಬ ಸಂದೇಶವು ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತದೆ. ಅವನು ಕೇಬಲ್ಲನ್ನು ಬದಲಿಸುತ್ತಾನೆ, ತಂತಿಗಳನ್ನು ಕಿತ್ತು ಮತ್ತೆ ಸಿಕ್ಕಿಸುತ್ತಾನೆ, ಕಂಪ್ಯೂಟರನ್ನು ಆರಿಸಿ ಹೊತ್ತಿಸುತ್ತಾನೆ. ಯಾವುದೂ ಫಲಿಸದಿದ್ದಾಗ ಬೋರ್ಡು ಸುಟ್ಟುಹೋಯಿತೆಂಬ ತೀರ್ಮಾನಕ್ಕೆ ಬರುತ್ತಾನೆ. ಬೋರ್ಡು ಕೆಟ್ಟ ಸಾಮಾನುಗಳ ಡಬ್ಬವನ್ನು ಸೇರುತ್ತದೆ. ವಿಚಿತ್ರವೆಂದರೆ, ಡಬ್ಬಕ್ಕೆ ಬೀಳುವ ಕ್ಷಣದವರೆಗೂ ಆ ದೀಪವು ಮಿನುಗುತ್ತಲೇ ಇದ್ದಿತು!

ದೀಪ ಮಿನುಗುತ್ತಿದೆಯೆಂದರೆ ಚಿಪ್ಪು ಜೀವಂತವಾಗಿದೆ. ಅದು ಕೆಟ್ಟಿಲ್ಲ, ಮಾತು ನಿಲ್ಲಿಸಿದೆ, ಅಷ್ಟೆ. ಮೌನಕ್ಕೂ ಮರಣಕ್ಕೂ ಇರುವ ಈ ಅಂತರವನ್ನು ಅರಿಯುವುದೇ ದೋಷಶೋಧನೆಯ ಮೊದಲ ಪಾಠ. ಮೌನಕ್ಕೆ ಕಾರಣಗಳು ಅನೇಕ. ಅವುಗಳನ್ನು ಕ್ರಮವರಿತು ಒಂದೊಂದಾಗಿ ಪರೀಕ್ಷಿಸಿದರೆ, ‘ಸತ್ತ’ ಬೋರ್ಡುಗಳಲ್ಲಿ ಹಲವು ಮತ್ತೆ ಮೇಜಿನ ಮೇಲೆ ಕೆಲಸಕ್ಕೆ ಬರುತ್ತವೆ. ದಾನಿಗಳ ಔದಾರ್ಯದಿಂದ ಉಪಕರಣಗಳನ್ನು ಪಡೆಯುವ ಶಾಲೆಗಳಿಗೆ ಇದು ಸಣ್ಣ ಮಾತಲ್ಲ. ಆದರೆ ಬೋರ್ಡು ಉಳಿಯುವುದಕ್ಕಿಂತ ಹೆಚ್ಚಿನ ಲಾಭವೆಂದರೆ ವಿದ್ಯಾರ್ಥಿಯ ಆತ್ಮವಿಶ್ವಾಸ ಉಳಿಯುವುದು.

ಉಪಕರಣಗಳ ಪರಿಚಯ

ಮೈಕ್ರೋಕಂಟ್ರೋಲರ್ ಎಂಬುದು ಒಂದೇ ಚಿಪ್ಪಿನಲ್ಲಿ ಅಡಗಿರುವ ಪುಟ್ಟ ಕಂಪ್ಯೂಟರು. ಬಟ್ಟೆ ಒಗೆಯುವ ಯಂತ್ರದಿಂದ ಮೋಟಾರು ವಾಹನದವರೆಗೆ ಅದರ ವ್ಯಾಪ್ತಿ ಹಬ್ಬಿದೆ. ವಿವರಣೆಗೆಂದು ಇಲ್ಲಿ ವಿದ್ಯಾರ್ಥಿಗಳಲ್ಲಿ ಬಹು ಬಳಕೆಯಲ್ಲಿರುವ ‘ಬ್ಲೂ ಪಿಲ್’ ಎಂಬ ಅಡ್ಡಹೆಸರಿನ ನೀಲಿ ಬೋರ್ಡನ್ನು ತೆಗೆದುಕೊಳ್ಳಬಹುದು. ಅದರ ಮೇಲಿರುವುದು ಎಸ್‌ಟಿಎಂ೩೨ಎಫ್೧೦೩ ಎಂಬ ಚಿಪ್ಪು. ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಸಂಸ್ಥೆಯು ೨೦೦೭ರಲ್ಲಿ ಹೊರತಂದ ಎಸ್‌ಟಿಎಂ೩೨ ಮನೆತನಕ್ಕೆ ಸೇರಿದ ಇದರ ಹೃದಯಸ್ಥಾನದಲ್ಲಿ ‘ಕಾರ್ಟೆಕ್ಸ್ ಎಂ೩’ ಎಂಬ ಸಂಸ್ಕಾರಕವಿದೆ. ಅದು ಸೆಕೆಂಡಿಗೆ ೭೨ ದಶಲಕ್ಷ ಕ್ಲಾಕ್ ಸ್ಪಂದಗಳವರೆಗಿನ ವೇಗದಲ್ಲಿ ಕೆಲಸಮಾಡಬಲ್ಲುದು.

ಪ್ರೋಗ್ರಾಮನ್ನು ಚಿಪ್ಪಿಗೆ ತುಂಬಲೂ, ಅದು ಓಡುತ್ತಿರುವಾಗ ತಡೆದು ನಿಲ್ಲಿಸಿ ಒಳಗಿನ ಸ್ಥಿತಿಯನ್ನು ನೋಡಲೂ ನೆರವಾಗುವ ಸಾಧನವೇ ಡಿಬಗರ್. ಈ ಚಿಪ್ಪುಗಳಿಗೆ ಬಳಸುವ ಡಿಬಗರಿಗೆ ‘ಎಸ್‌ಟಿ ಲಿಂಕ್’ ಎಂದು ಹೆಸರು. ಅದರ ಒಂದು ತುದಿ ಯುಎಸ್‌ಬಿ ಮೂಲಕ ಕಂಪ್ಯೂಟರಿಗೂ, ಇನ್ನೊಂದು ತುದಿ ನಾಲ್ಕು ತಂತಿಗಳ ಮೂಲಕ ಬೋರ್ಡಿಗೂ ಸೇರುತ್ತದೆ. ವೈದ್ಯನಿಗೆ ಸ್ಟೆತೊಸ್ಕೋಪು ಹೇಗೋ ಪ್ರೋಗ್ರಾಮು ಬರೆಯುವವನಿಗೆ ಡಿಬಗರು ಹಾಗೆ.

ಈ ವ್ಯವಸ್ಥೆಯ ಹಿಂದೆ ಸ್ವಲ್ಪ ಇತಿಹಾಸವಿದೆ. ಸರ್ಕ್ಯೂಟ್ ಬೋರ್ಡುಗಳ ಮೇಲೆ ಚಿಪ್ಪುಗಳು ದಟ್ಟವಾದಂತೆ ಬೆಸುಗೆಗಳನ್ನು ಹೊರಗಿನಿಂದ ಮುಟ್ಟಿ ಪರೀಕ್ಷಿಸುವುದು ಕಷ್ಟವಾಯಿತು. ಇದಕ್ಕೆ ಪರಿಹಾರ ಹುಡುಕಲು ೧೯೮೫ರಲ್ಲಿ ‘ಜೆಟ್ಯಾಗ್’ ಎಂಬ ತಜ್ಞರ ಕೂಟವೊಂದು ಏರ್ಪಟ್ಟಿತು. ಅದರ ಪದ್ಧತಿಯು ೧೯೯೦ರಲ್ಲಿ ಅಧಿಕೃತ ಮಾನಕವಾಯಿತು. ಬೆಸುಗೆಯ ಪರೀಕ್ಷೆಗೆಂದು ಹುಟ್ಟಿದ ಆ ದಾರಿಯೇ ಮುಂದೆ ಚಿಪ್ಪಿನ ಒಳಗನ್ನು ನೋಡುವ ದಾರಿಯೂ ಆಯಿತು. ಜೆಟ್ಯಾಗಿಗೆ ನಾಲ್ಕು ಸಂಕೇತ ತಂತಿಗಳು ಬೇಕು. ಆರ್ಮ್ ಸಂಸ್ಥೆಯು ಆಮೇಲೆ ರೂಪಿಸಿದ ‘ಎಸ್‌ಡಬ್ಲ್ಯುಡಿ’ ಪದ್ಧತಿಗೆ ಎರಡೇ ಸಾಕು: ಒಂದು ಕ್ಲಾಕಿನದು, ಇನ್ನೊಂದು ದತ್ತಾಂಶದ್ದು. ಬ್ಲೂ ಪಿಲ್ಲಿನ ತುದಿಯಲ್ಲಿರುವ ನಾಲ್ಕು ಪಿನ್ನುಗಳೆಂದರೆ ಈ ಎರಡು ಮತ್ತು ೩.೩ ವೋಲ್ಟ್ ಹಾಗೂ ಗ್ರೌಂಡ್.

ಸಂಭಾಷಣೆಯ ರೀತಿ

ಡಿಬಗರಿಗೂ ಚಿಪ್ಪಿಗೂ ನಡೆಯುವ ಮಾತುಕತೆಗೆ ಕಟ್ಟುನಿಟ್ಟಾದ ಶಿಷ್ಟಾಚಾರವಿದೆ. ಮೊದಲು ಡಿಬಗರು ದತ್ತಾಂಶದ ತಂತಿಯನ್ನು ಮೇಲ್ಮಟ್ಟದಲ್ಲಿಟ್ಟು ಕನಿಷ್ಠ ೫೦ ಕ್ಲಾಕ್ ಸ್ಪಂದಗಳನ್ನು ಕಳಿಸುತ್ತದೆ. ಇದು ಬಾಗಿಲು ತಟ್ಟುವ ಕ್ರಿಯೆ. ಬಳಿಕ ಜೆಟ್ಯಾಗಿನಿಂದ ಎಸ್‌ಡಬ್ಲ್ಯುಡಿಗೆ ಹೊರಳುವಂತೆ ಹೇಳುವ ೧೬ ಬಿಟ್ಟುಗಳ ಸಂಕೇತವನ್ನು ಕಳಿಸಿ, ಮತ್ತೊಮ್ಮೆ ಬಾಗಿಲು ತಟ್ಟಿ, ಚಿಪ್ಪಿನ ಗುರುತು ಸಂಖ್ಯೆಯನ್ನು ಕೇಳುತ್ತದೆ. ಚಿಪ್ಪು ಮೊದಲು ಮೂರು ಬಿಟ್ಟುಗಳ ಉತ್ತರ ಕೊಡಬೇಕು. ಆ ಉತ್ತರದಲ್ಲಿ ಮೂರು ಬಗೆ: ‘ಆಗಲಿ’, ‘ಸ್ವಲ್ಪ ತಾಳು’, ‘ದೋಷವಿದೆ’. ಯಾರೂ ಉತ್ತರಿಸದಿದ್ದರೆ ತಂತಿಯು ಮೇಲ್ಮಟ್ಟದಲ್ಲೇ ಉಳಿದು ಮೂರೂ ಬಿಟ್ಟುಗಳು ಒಂದೆಂದೇ ಓದಿಬರುತ್ತವೆ. ಪರದೆಯ ಮೇಲೆ ಮೂಡುವ ಸೋಲಿನ ಸಂದೇಶದ ಮೂಲ ಬಹುಮಟ್ಟಿಗೆ ಇದೇ.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಉತ್ತರ ಬಾರದಿರಲು ಪ್ರಶ್ನೆ ತಲುಪದಿರುವುದೂ ಕಾರಣವಾಗಬಹುದು, ಕೇಳುವವನು ಕಿವಿ ಮುಚ್ಚಿಕೊಂಡಿರುವುದೂ ಕಾರಣವಾಗಬಹುದು. ಇವೆರಡನ್ನು ಬೇರ್ಪಡಿಸದೆ ಚಿಪ್ಪನ್ನು ದೂರುವುದು ನ್ಯಾಯವಲ್ಲ.

ಹೊರಗಿನಿಂದ ಒಳಕ್ಕೆ

ಶೋಧನೆಯು ಕಂಪ್ಯೂಟರಿನಿಂದ ಆರಂಭವಾಗಿ ಚಿಪ್ಪಿನ ಕಡೆಗೆ ಸಾಗಬೇಕು. ಒಂದು ಹಂತ ನಿಶ್ಚಯವಾಗದೆ ಮುಂದಿನದಕ್ಕೆ ಕಾಲಿಡಬಾರದು.

ಮೊದಲನೆಯದಾಗಿ, ಕಂಪ್ಯೂಟರು ಡಿಬಗರನ್ನು ಗುರುತಿಸಿದೆಯೇ ಎಂದು ನೋಡಬೇಕು. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ಇದನ್ನು ತಿಳಿಸುತ್ತದೆ. ಲಿನಕ್ಸಿನಲ್ಲಿ ಯುಎಸ್‌ಬಿ ಸಾಧನಗಳ ಪಟ್ಟಿಯನ್ನು ಕೇಳಿದರೆ, ಎಸ್‌ಟಿ ಲಿಂಕಿನ ಎರಡನೆಯ ಆವೃತ್ತಿಯು ೦೪೮೩:೩೭೪೮ ಎಂಬ ಸಂಖ್ಯೆಯೊಡನೆ ಕಾಣಿಸಿಕೊಳ್ಳಬೇಕು. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಬೋರ್ಡಿನತ್ತ ನೋಡುವ ಅಗತ್ಯವೇ ಇಲ್ಲ. ದೋಷ ಕೇಬಲ್ಲಿನಲ್ಲೋ ಯುಎಸ್‌ಬಿ ಕಿಂಡಿಯಲ್ಲೋ ಡ್ರೈವರಿನಲ್ಲೋ ಇದೆ. ಫೋನು ಚಾರ್ಜು ಮಾಡಲೆಂದೇ ತಯಾರಾದ ಕೆಲವು ಕೇಬಲ್ಲುಗಳಲ್ಲಿ ದತ್ತಾಂಶದ ತಂತಿಗಳೇ ಇರುವುದಿಲ್ಲ. ದೀಪ ಹೊತ್ತುತ್ತದೆ, ಮಾತು ಸಾಗುವುದಿಲ್ಲ. ಪಟ್ಟಿಯಲ್ಲಿದ್ದೂ ತೆರೆಯಲಾಗದಿದ್ದರೆ, ಲಿನಕ್ಸಿನಲ್ಲಿ ಬಳಕೆದಾರನಿಗೆ ಅನುಮತಿ ಇಲ್ಲದಿರಬಹುದು. ಅಥವಾ ಬೇರೊಂದು ತಂತ್ರಾಂಶವು ಡಿಬಗರನ್ನು ಆಗಲೇ ಹಿಡಿದುಕೊಂಡಿರಬಹುದು.

ಎರಡನೆಯದಾಗಿ, ವಿದ್ಯುತ್ತು. ಈ ಚಿಪ್ಪು ೨.೦ರಿಂದ ೩.೬ ವೋಲ್ಟಿನವರೆಗೆ ಕೆಲಸಮಾಡುತ್ತದೆ. ಮಲ್ಟಿಮೀಟರಿನ ಕಡ್ಡಿಗಳನ್ನು ಬೋರ್ಡಿನ ೩.೩ ವೋಲ್ಟ್ ಪಿನ್ನಿಗೂ ಗ್ರೌಂಡಿಗೂ ಮುಟ್ಟಿಸಿ ಅಳೆಯಬೇಕು. ಪರದೆಯ ಮೇಲೆ ಡಿಬಗರು ತೋರಿಸುವ ವೋಲ್ಟೇಜನ್ನು ಮಾತ್ರ ನೆಚ್ಚುವುದು ಸಲ್ಲದು. ಅನೇಕ ಅಗ್ಗದ ಡಿಬಗರುಗಳು ತಮ್ಮದೇ ವೋಲ್ಟೇಜನ್ನು ಅಳೆದು ಬೋರ್ಡಿನದೆಂದು ತೋರಿಸುತ್ತವೆ. ಬೋರ್ಡನ್ನು ಜೋಡಿಸದಿದ್ದಾಗಲೂ ಅಂಕಿ ಸರಿಯಾಗಿಯೇ ಕಾಣುತ್ತದೆ.

ಮೂರನೆಯದಾಗಿ, ತಂತಿಗಳು. ಬೋರ್ಡಿಗೆ ಬೇರೆಡೆಯಿಂದ ವಿದ್ಯುತ್ತು ಕೊಟ್ಟಿದ್ದರೂ ಗ್ರೌಂಡಿನ ತಂತಿ ಇರಲೇಬೇಕು. ಅದಿಲ್ಲದೆ ಮೇಲ್ಮಟ್ಟ, ಕೆಳಮಟ್ಟ ಎಂಬ ಮಾತುಗಳಿಗೆ ಅರ್ಥವೇ ಇಲ್ಲ. ಡಿಬಗರುಗಳ ಪಿನ್ನುಗಳ ಅನುಕ್ರಮವು ಒಂದರಲ್ಲಿದ್ದಂತೆ ಇನ್ನೊಂದರಲ್ಲಿರುವುದಿಲ್ಲ. ಹೊದಿಕೆಯ ಮೇಲೆ ಮುದ್ರಿತವಾದುದನ್ನು ಓದಿಯೇ ಜೋಡಿಸಬೇಕು, ಹಳೆಯ ನೆನಪಿನಿಂದಲ್ಲ. ಕ್ಲಾಕ್ ಮತ್ತು ದತ್ತಾಂಶದ ತಂತಿಗಳು ಅದಲುಬದಲಾಗುವುದು ಅತಿ ಸಾಮಾನ್ಯವಾದ ತಪ್ಪು. ಬೋರ್ಡಿನ ಪಿನ್ನುಗಳನ್ನು ಕೈಯಿಂದ ಬೆಸೆದಿದ್ದರೆ ಬೆಸುಗೆಯನ್ನೂ ಭೂತಗನ್ನಡಿಯಿಂದ ಪರಿಶೀಲಿಸಬೇಕು.

ನಾಲ್ಕನೆಯದಾಗಿ, ವೇಗ. ಸಂಪರ್ಕವು ಒಮ್ಮೆ ದೊರೆತು ಒಮ್ಮೆ ತಪ್ಪುತ್ತಿದ್ದರೆ ಉದ್ದನೆಯ ಸಡಿಲ ತಂತಿಗಳಲ್ಲಿ ಸಂಕೇತಗಳು ಕಲಕಿಹೋಗುತ್ತಿರಬಹುದು. ತಂತಿಗಳನ್ನು ಗಿಡ್ಡಮಾಡಿ, ಕ್ಲಾಕಿನ ವೇಗವನ್ನು ೪ ಮೆಗಾಹರ್ಟ್ಸ್‌ನಿಂದ ೧೦೦ ಕಿಲೋಹರ್ಟ್ಸ್‌ಗೆ ಇಳಿಸಿ ನೋಡಬೇಕು. ಆಗ ಸಂಪರ್ಕ ನಿಂತರೆ ದೋಷ ತಂತಿಯದೆಂದು ಸಿದ್ಧವಾಯಿತು.

ಐದನೆಯದಾಗಿ, ಗುರುತು. ಕೆಲವೊಮ್ಮೆ ಚಿಪ್ಪು ಉತ್ತರಿಸುತ್ತದೆ, ಆದರೆ ತಂತ್ರಾಂಶವು ಆ ಉತ್ತರವನ್ನು ಒಪ್ಪುವುದಿಲ್ಲ. ಮಾರುಕಟ್ಟೆಯ ಅಗ್ಗದ ಬೋರ್ಡುಗಳಲ್ಲಿ ಮೂಲ ಚಿಪ್ಪಿನ ಬದಲು ಬೇರೆ ತಯಾರಕರ ಸದೃಶ ಚಿಪ್ಪುಗಳಿರುವುದುಂಟು. ಮೂಲದ ಗುರುತು ಸಂಖ್ಯೆ ಒಂದರಿಂದ ಆರಂಭವಾದರೆ ಇಂಥ ಕೆಲವುಗಳದು ಎರಡರಿಂದ ಆರಂಭವಾಗುತ್ತದೆ. ‘ಓಪನ್ ಓಸಿಡಿ’ ತಂತ್ರಾಂಶದಲ್ಲಿ ನಿರೀಕ್ಷಿತ ಸಂಖ್ಯೆಯನ್ನು ತಿದ್ದಿದರೆ ಕೆಲಸ ಸಾಗುತ್ತದೆ. ಇಲ್ಲಿ ಸಂದೇಶವನ್ನು ಪೂರ್ತಿಯಾಗಿ ಓದಿದವನಿಗೆ ಮಾತ್ರ ಕಾರಣ ತಿಳಿಯುತ್ತದೆ.

ಪ್ರೋಗ್ರಾಮೇ ಬಾಗಿಲು ಮುಚ್ಚಿದಾಗ

ಈ ಐದೂ ಸರಿಯಿದ್ದು ಚಿಪ್ಪು ಮೌನವಾಗಿದ್ದರೆ, ಆರಂಭದಲ್ಲಿ ಹೇಳಿದ ಮಿನುಗುವ ದೀಪವನ್ನು ನೆನೆಯಬೇಕು. ಚಿಪ್ಪಿನೊಳಗಿನ ಪ್ರೋಗ್ರಾಮು ಓಡುತ್ತಿದೆ. ಆ ಪ್ರೋಗ್ರಾಮೇ ಡಿಬಗರಿನ ಬಾಗಿಲನ್ನು ಮುಚ್ಚಿದೆ.

ಇದು ಹೇಗೆ ಸಾಧ್ಯ? ಡಿಬಗರಿನ ಎರಡು ತಂತಿಗಳು ಸೇರುವ ಪಿಎ೧೩ ಮತ್ತು ಪಿಎ೧೪ ಎಂಬ ಪಿನ್ನುಗಳನ್ನು ಸಾಮಾನ್ಯ ಪಿನ್ನುಗಳಂತೆಯೂ ಬಳಸಬಹುದು. ಪ್ರೋಗ್ರಾಮಿನ ಒಂದು ಆಜ್ಞೆ ಸಾಕು, ಅವು ಡಿಬಗರಿನ ಕೈಯಿಂದ ಜಾರಿಹೋಗುತ್ತವೆ. ವಿದ್ಯಾರ್ಥಿಯು ಅಂಥ ಆಜ್ಞೆಯನ್ನು ಬರೆದಿರಲಿಲ್ಲವಲ್ಲ ಎಂದು ಕೇಳಬಹುದು. ನಿಜ, ಅವನು ಬರೆಯಲಿಲ್ಲ. ಪ್ರೋಗ್ರಾಮಿನ ಚೌಕಟ್ಟನ್ನು ಸಿದ್ಧಪಡಿಸಿಕೊಡುವ ‘ಕ್ಯೂಬ್ ಎಂಎಕ್ಸ್’ ಎಂಬ ತಂತ್ರಾಂಶವು, ಈ ಎಫ್೧ ಕುಟುಂಬದ ಚಿಪ್ಪುಗಳಲ್ಲಿ ಡಿಬಗ್ ಆಯ್ಕೆಯನ್ನು ‘ಇಲ್ಲ’ ಎಂದೇ ಬಿಟ್ಟಾಗ, ಬಾಗಿಲು ಮುಚ್ಚುವ ಆಜ್ಞೆಯನ್ನು ತಾನಾಗಿ ಸೇರಿಸುತ್ತದೆ. ಮೊದಲ ಪ್ರೋಗ್ರಾಮು ಸಲೀಸಾಗಿ ತುಂಬಿ ಎರಡನೆಯದು ನಿರಾಕೃತವಾಗುವುದರ ರಹಸ್ಯ ಇದು. ವಿದ್ಯುತ್ತನ್ನು ಉಳಿಸಲೆಂದು ಚಿಪ್ಪನ್ನು ಗಾಢನಿದ್ರೆಗೆ ಕಳಿಸುವ ಪ್ರೋಗ್ರಾಮುಗಳಿಂದಲೂ ಇದೇ ಫಲ ಉಂಟಾಗುತ್ತದೆ. ನಿದ್ರೆಯಲ್ಲಿ ಕ್ಲಾಕು ನಿಲ್ಲುವುದರಿಂದ ಡಿಬಗರಿನ ಮಾತಿಗೆ ಉತ್ತರ ದೊರೆಯದು.

ಪರಿಹಾರದ ಸೂತ್ರವು ಸರಳವಾಗಿದೆ. ಪ್ರತಿ ಸಲ ರೀಸೆಟ್ ಆದಾಗಲೂ ಆ ಪಿನ್ನುಗಳು ಡಿಬಗರಿಗೆ ಮರಳುತ್ತವೆ. ಪ್ರೋಗ್ರಾಮು ಓಡತೊಡಗಿ ಮುಚ್ಚುವ ಆಜ್ಞೆಯನ್ನು ತಲುಪುವವರೆಗೆ ಬಾಗಿಲು ತೆರೆದೇ ಇರುತ್ತದೆ. ಆ ಅವಧಿ ಕಣ್ಣೆವೆ ಇಕ್ಕುವುದಕ್ಕಿಂತ ಚಿಕ್ಕದು. ಆದುದರಿಂದ ಚಿಪ್ಪನ್ನು ರೀಸೆಟ್ಟಿನಲ್ಲೇ ಹಿಡಿದಿಟ್ಟು ಸಂಪರ್ಕ ಸಾಧಿಸಬೇಕು. ಡಿಬಗರಿನ ರೀಸೆಟ್ ತಂತಿಯನ್ನು ಬೋರ್ಡಿನ ರೀಸೆಟ್ ಪಿನ್ನಿಗೆ ಸೇರಿಸಿ, ತಂತ್ರಾಂಶದಲ್ಲಿ ‘ಕನೆಕ್ಟ್ ಅಂಡರ್ ರೀಸೆಟ್’ ಎಂಬುದನ್ನು ಆರಿಸಿದರೆ, ಮೊದಲ ಆಜ್ಞೆ ನಡೆಯುವ ಮುನ್ನವೇ ಚಿಪ್ಪು ನಿಲ್ಲುತ್ತದೆ. ತಂತಿ ಇಲ್ಲದಿದ್ದರೆ ರೀಸೆಟ್ ಗುಂಡಿಯನ್ನು ಬೆರಳಿನಿಂದ ಒತ್ತಿಹಿಡಿದು, ಸಂಪರ್ಕದ ಆಜ್ಞೆ ಕೊಟ್ಟೊಡನೆ ಬಿಡಬೇಕು. ಹೊತ್ತು ಸರಿಹೊಂದಲು ಎರಡು ಮೂರು ಸಲ ಯತ್ನಿಸಬೇಕಾದೀತು.

ಇದಕ್ಕಿಂತ ನಿಶ್ಚಿತವಾದ ಇನ್ನೊಂದು ದಾರಿಯುಂಟು. ಬೋರ್ಡಿನ ಮೇಲಿನ ‘ಬೂಟ್ ಸೊನ್ನೆ’ ಎಂಬ ಜಂಪರನ್ನು ಒಂದರ ಕಡೆಗೆ ಸರಿಸಿ, ‘ಬೂಟ್ ಒಂದು’ ಜಂಪರನ್ನು ಸೊನ್ನೆಯಲ್ಲೇ ಇರಿಸಿ ರೀಸೆಟ್ ಒತ್ತಿದರೆ, ಚಿಪ್ಪು ವಿದ್ಯಾರ್ಥಿಯ ಪ್ರೋಗ್ರಾಮನ್ನು ಬಿಟ್ಟು ಕಾರ್ಖಾನೆಯಲ್ಲೇ ಅಚ್ಚೊತ್ತಿದ ಬೂಟ್‌ಲೋಡರನ್ನು ಓಡಿಸುತ್ತದೆ. ಬಾಗಿಲು ಮುಚ್ಚುವ ಆಜ್ಞೆ ನಡೆಯುವುದೇ ಇಲ್ಲ. ಆಗ ನಿರಾತಂಕವಾಗಿ ಸಂಪರ್ಕ ಹೊಂದಿ, ಹಳೆಯದನ್ನು ಅಳಿಸಿ, ‘ಸೀರಿಯಲ್ ವೈರ್’ ಎಂಬ ಡಿಬಗ್ ಆಯ್ಕೆಯೊಡನೆ ಮತ್ತೆ ಸಿದ್ಧಪಡಿಸಿದ ಪ್ರೋಗ್ರಾಮನ್ನು ತುಂಬಿ, ಜಂಪರನ್ನು ಮೊದಲ ಸ್ಥಾನಕ್ಕೆ ತರಬೇಕು.

ಅಳಿಸುವ ಮುನ್ನ

ಒಂದು ಎಚ್ಚರಿಕೆ ಅಗತ್ಯ. ಚಿಪ್ಪುಗಳಲ್ಲಿ ಓದುರಕ್ಷಣೆ ಎಂಬ ಬೀಗವಿರುತ್ತದೆ. ಎಫ್೧೦೩ರಲ್ಲಿ ಆ ಬೀಗವನ್ನು ತೆಗೆಯಬಹುದು. ಆದರೆ ತೆಗೆದೊಡನೆ ಒಳಗಿನ ಪ್ರೋಗ್ರಾಮೆಲ್ಲ ತಾನಾಗಿ ಅಳಿಸಿಹೋಗುತ್ತದೆ. ಕಲಿಯುವ ಬೋರ್ಡಿನಲ್ಲಿ ಅದರಿಂದ ನಷ್ಟವಿಲ್ಲ. ದಿನಬಳಕೆಯ ಯಂತ್ರವೊಂದರ ಬೋರ್ಡಾಗಿದ್ದು ಅದರ ಪ್ರೋಗ್ರಾಮಿನ ಮೂಲಪ್ರತಿ ಯಾರ ಬಳಿಯೂ ಇಲ್ಲದಿದ್ದರೆ, ದುರಸ್ತಿಯೇ ನಾಶವಾದೀತು. ಎಫ್೪ ಮುಂತಾದ ಕುಟುಂಬಗಳಲ್ಲಿರುವ ಎರಡನೆಯ ಹಂತದ ರಕ್ಷಣೆಯಂತೂ ಡಿಬಗರಿನ ಬಾಗಿಲನ್ನು ಶಾಶ್ವತವಾಗಿ ಮುಚ್ಚುತ್ತದೆ. ಅದನ್ನು ತೆರೆಯುವ ಕೀಲಿ ಇಲ್ಲ. ಪರದೆಯ ಮೇಲಿನ ಪ್ರಶ್ನೆಯನ್ನು ಓದದೆ ‘ಆಗಲಿ’ ಎಂದು ಒತ್ತುವ ಅಭ್ಯಾಸವನ್ನು ಮೊದಲಿನಿಂದಲೇ ಬಿಡಿಸಬೇಕು.

ಉಪಸಂಹಾರ

ಮೇಲಿನ ಹಂತಗಳಿಗೆ ಬೇಕಾಗುವ ಸಾಮಗ್ರಿ ಅತ್ಯಲ್ಪ: ಒಂದು ಮಲ್ಟಿಮೀಟರು, ಸರಿಯಿದೆಯೆಂದು ಮೊದಲೇ ಪರೀಕ್ಷಿಸಿಟ್ಟ ಒಂದು ಕೇಬಲ್ಲು, ಹಾಗೆಯೇ ಸರಿಯಿರುವ ಇನ್ನೊಂದು ಬೋರ್ಡು. ಸಂಶಯದ ಬೋರ್ಡಿನ ಜಾಗದಲ್ಲಿ ಸರಿಯಾದುದನ್ನು ಇಟ್ಟು ನೋಡಿದರೆ ದೋಷ ಯಾವ ಕಡೆಗಿದೆಯೆಂಬುದು ನಿಮಿಷದಲ್ಲಿ ತಿಳಿಯುತ್ತದೆ. ಇವುಗಳಿಗಿಂತ ಮುಖ್ಯವಾದುದು ಒಂದು ನೋಟುಪುಸ್ತಕ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದ್ದನ್ನೂ ಕಂಡದ್ದನ್ನೂ ಬರೆದಿಡಬೇಕು. ಕೇಬಲ್ಲು, ತಂತಿ, ವೇಗ ಮೂರನ್ನೂ ಒಟ್ಟಿಗೆ ಬದಲಿಸಿ ಗೆದ್ದವನಿಗೆ ತಾನು ಹೇಗೆ ಗೆದ್ದೆನೆಂಬುದೇ ತಿಳಿಯದು. ನಾಳೆ ಅದೇ ದೋಷ ಬಂದಾಗ ಅವನು ಮತ್ತೆ ಮೊದಲಿನಿಂದ ತೊಡಗಬೇಕಾಗುತ್ತದೆ.

ಅಧ್ಯಾಪಕರು ಇಂಥ ಸಂದರ್ಭದಲ್ಲಿ ಬೋರ್ಡನ್ನು ತಾವೇ ಕೈಗೆತ್ತಿಕೊಂಡು ಸರಿಪಡಿಸಿಕೊಡುವುದಕ್ಕಿಂತ, ‘ದೀಪ ಮಿನುಗುತ್ತಿದೆಯೇ ನೋಡು’ ಎಂದು ಒಂದು ಪ್ರಶ್ನೆ ಕೇಳಿ ಪಕ್ಕದಲ್ಲಿ ನಿಲ್ಲುವುದು ಲೇಸು. ಕೆಟ್ಟ ಸಾಮಾನುಗಳ ಡಬ್ಬವನ್ನು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಮುಂದೆ ತೆರೆದಿಟ್ಟು, ಅದರೊಳಗಿನ ಒಂದೊಂದು ಬೋರ್ಡನ್ನೂ ಈ ಕ್ರಮದಿಂದ ಪರೀಕ್ಷಿಸಲು ಹೇಳಿದರೆ ಅದಕ್ಕಿಂತ ಉತ್ತಮವಾದ ಪಾಠ ಬೇರೊಂದಿಲ್ಲ. ಅವುಗಳಲ್ಲಿ ಕೆಲವು ನಿಜವಾಗಿಯೂ ಸುಟ್ಟಿರುತ್ತವೆ. ಉಳಿದವು ಸರಿಯಾದ ರೀತಿಯಲ್ಲಿ ಮಾತನಾಡಿಸುವವರಿಗಾಗಿ ಕಾದಿರುತ್ತವೆ.