ಎರಡೇ ದಿನದಲ್ಲಿ ಮಂಡಿನೋವು ಮಾಯವೇ?

ಮಂಡಿನೋವಿಗೆಂದು ಯಾರೋ ತಂದುಕೊಟ್ಟ ‘ಶುದ್ಧ ಗಿಡಮೂಲಿಕೆ’ ಮಾತ್ರೆ ನುಂಗಿ ಅಜ್ಜಿ ಎರಡೇ ದಿನಕ್ಕೆ ಮೆಟ್ಟಿಲು ಹತ್ತಿದರೆ ಮನೆಮಂದಿಗೆಲ್ಲ ಸಂತೋಷ. ಹಸಿವು ಹೆಚ್ಚುತ್ತದೆ, ಮುಖ ತುಂಬಿಕೊಳ್ಳುತ್ತದೆ. ‘ಮಾತ್ರೆ ಮೈಗೆ ಹಿಡಿಸಿತು’ ಎನ್ನುತ್ತಾರೆ. ವೈದ್ಯರಿಗೆ ಅನುಮಾನ ಹುಟ್ಟುವುದು ಇಲ್ಲಿಯೇ. ಏಕೆಂದರೆ ಇವೆಲ್ಲ ಸ್ಟೀರಾಯ್ಡ್ ಔಷಧಿಯ ಗುಣಗಳು.

ಇದು ಬರಿಯ ಊಹೆಯಲ್ಲ. ಕೀಲುನೋವಿಗೆಂದು ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ‘ಆರ್ಟ್ರಿ ಕಿಂಗ್’ ಎಂಬ ಪೂರಕ ಆಹಾರದ ಮಾತ್ರೆಗಳಲ್ಲಿ, ಲೇಬಲ್ಲಿನಲ್ಲಿ ಹೆಸರೇ ಇಲ್ಲದ ಡೆಕ್ಸಾಮೆಥಾಸೋನ್ ಮತ್ತು ಡೈಕ್ಲೋಫೆನಾಕ್ ಇರುವುದನ್ನು 2022ರಲ್ಲಿ ಅಲ್ಲಿನ ಎಫ್‌ಡಿಎ ಪತ್ತೆಹಚ್ಚಿ ಜನರನ್ನು ಎಚ್ಚರಿಸಿತು. ಮೊದಲನೆಯದು ಸ್ಟೀರಾಯ್ಡ್. ಎರಡನೆಯದು ಜಠರದಲ್ಲಿ ಹುಣ್ಣು, ರಕ್ತಸ್ರಾವ ಉಂಟುಮಾಡಬಲ್ಲ ನೋವುನಿವಾರಕ.

ಇಂಥ ಕಲಬೆರಕೆ ಬಣ್ಣ, ವಾಸನೆ, ರುಚಿಗಳಿಂದ ತಿಳಿಯುವುದಿಲ್ಲ. ಪ್ರಯೋಗಾಲಯದಲ್ಲಿ ಕ್ರೊಮ್ಯಾಟೊಗ್ರಫಿ ವಿಧಾನದಿಂದ ಮಾತ್ರೆಯಲ್ಲಿನ ವಸ್ತುಗಳನ್ನು ಬೇರ್ಪಡಿಸಿ, ಮಾಸ್ ಸ್ಪೆಕ್ಟ್ರೋಮೀಟರ್ ಉಪಕರಣದಿಂದ ಒಂದೊಂದನ್ನೂ ಗುರುತಿಸುತ್ತಾರೆ. ಆದರೆ ಅದಕ್ಕೂ ಮೊದಲೇ ದೇಹ ಸುಳಿವು ಕೊಡುತ್ತದೆ. ಮುಖ ದುಂಡಗಾಗುವುದು, ಹೊಟ್ಟೆ ದಪ್ಪಗಾಗಿ ಕೈಕಾಲು ಸೊರಗುವುದು, ಸಣ್ಣ ಪೆಟ್ಟಿಗೂ ಚರ್ಮ ನೀಲಿಗಟ್ಟುವುದು, ಹತೋಟಿಯಲ್ಲಿದ್ದ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಏರುವುದು, ಮಲ ಕಪ್ಪಾಗುವುದು, ಇವುಗಳಲ್ಲಿ ಯಾವುದನ್ನೂ ಅಲಕ್ಷಿಸಬೇಡಿ.

ಅನುಮಾನ ಬಂದೊಡನೆ ಡಬ್ಬಿಯನ್ನು ತಿಪ್ಪೆಗೆಸೆಯುವುದು ಸಹಜ. ಅದೇ ದೊಡ್ಡ ಅಪಾಯ! ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ದೇಹಕ್ಕೆ ಬೇಕಾದ ಕಾರ್ಟಿಸೋಲ್ ತಯಾರಿಸುತ್ತವೆ. ಹೊರಗಿನಿಂದ ವಾರಗಟ್ಟಲೆ ಸ್ಟೀರಾಯ್ಡ್ ಬರುತ್ತಿದ್ದರೆ ಅವು ಕೆಲಸ ತಗ್ಗಿಸುತ್ತವೆ. ಮಾತ್ರೆ ಥಟ್ಟನೆ ನಿಂತರೆ ವಿಪರೀತ ಸುಸ್ತು, ವಾಂತಿ, ರಕ್ತದೊತ್ತಡ ಕುಸಿತ, ಪ್ರಜ್ಞೆ ತಪ್ಪುವಿಕೆ ಕಾಣಿಸಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು.

ಆದ್ದರಿಂದ ಹಲವು ವಾರಗಳಿಂದ ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ತಾವಾಗಿಯೇ ನಿಲ್ಲಿಸದೆ, ಅಂದೇ ಡಬ್ಬಿ ಸಮೇತ ವೈದ್ಯರನ್ನು ಕಾಣಿರಿ. ಎಷ್ಟು ದಿನದಿಂದ, ದಿನಕ್ಕೆಷ್ಟು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿರಿ. ಬೆಳಗಿನ ಹೊತ್ತಿನ ರಕ್ತದಲ್ಲಿ ಕಾರ್ಟಿಸೋಲ್ ತೀರಾ ಕಡಿಮೆಯಿದ್ದರೆ ಅನುಮಾನ ಬಲವಾಗುತ್ತದೆ. ಆಗ ಸರಿಯಾದ ಪ್ರಮಾಣದ ಸ್ಟೀರಾಯ್ಡನ್ನು ವೈದ್ಯರೇ ಕೊಟ್ಟು, ಕ್ರಮೇಣ ಇಳಿಸುತ್ತಾ ಬರುತ್ತಾರೆ. ಆದರೆ ಮಲ ಕಪ್ಪಾಗಿದ್ದರೆ, ವಾಂತಿಯಾಗುತ್ತಿದ್ದರೆ, ತಲೆಸುತ್ತಿ ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಿ.

ಉಳಿದ ಮಾತ್ರೆಗಳನ್ನೂ ರಸೀದಿಯನ್ನೂ ಜೋಪಾನವಾಗಿಡಿ. ನಮ್ಮಲ್ಲಿ ಪೂರಕ ಆಹಾರಗಳು ಆಹಾರ ಸುರಕ್ಷತಾ ಕಾಯ್ದೆಗೆ ಒಳಪಡುತ್ತವೆ. ಕೊಂಡ ಗ್ರಾಹಕರೂ ಶುಲ್ಕ ಕಟ್ಟಿ ಅವನ್ನು ಪರೀಕ್ಷೆಗೆ ಒಪ್ಪಿಸಬಹುದು. ನಿಮ್ಮ ಮನೆಯ ಡಬ್ಬಿ ನೆರೆಮನೆಯ ಅಜ್ಜಿಯನ್ನೂ ಉಳಿಸೀತು.