ಬ್ರಾಹ್ಮಿ ಯಾವುದು, ಒಂದೆಲಗ ಯಾವುದು?

ನಮ್ಮ ಅಡಿಕೆ ತೋಟಗಳ ಬದು, ಬಸಿಗಾಲುವೆಗಳಲ್ಲಿ ಒಂದೆಲಗ ತಾನಾಗಿಯೇ ಹಬ್ಬುತ್ತದೆ. ಮನೆಯ ತಂಬುಳಿಗಾಗಿ ಮಿಕ್ಕದ್ದನ್ನು ಒಣಗಿಸಿ ಮಾರಬಹುದೇ ಎಂದು ಸದಸ್ಯ ಬಾಂಧವರು ಕೇಳುವುದುಂಟು. ಮಾರಬಹುದು. ಆದರೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು, ಉಪ್ಪಾರಪೇಟೆ ಹಾಯ್ದು ಚಿಕ್ಕಪೇಟೆ ಕಡೆಯ ಗ್ರಂಧಿಗೆ ಅಂಗಡಿಗಳಿಗೆ ಮೂಟೆ ಒಯ್ಯುವ ಮುನ್ನ ಅದರ ಹೆಸರನ್ನು ಸರಿಯಾಗಿ ತಿಳಿದಿರಬೇಕು.

ನಮ್ಮಲ್ಲಿ ಅನೇಕರು ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತೇವೆ. ಭಾರತೀಯ ಆಯುರ್ವೇದ ಔಷಧಕೋಶದಲ್ಲಿ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ; ಒಂದೆಲಗದ ಹೆಸರು ಮಂಡೂಕಪರ್ಣಿ. ಎರಡನ್ನೂ ಬುದ್ಧಿವರ್ಧಕವೆಂದು ಬಳಸುವುದರಿಂದ ಗೊಂದಲ ಹುಟ್ಟಿದೆ. ಆದರೆ ನೀರುಬ್ರಾಹ್ಮಿಯಲ್ಲಿರುವುದು ಬ್ಯಾಕೊಸೈಡ್, ಒಂದೆಲಗದಲ್ಲಿರುವುದು ಏಷ್ಯಾಟಿಕೊಸೈಡ್. ಹೆಸರು ತಪ್ಪಿದರೆ ಪರೀಕ್ಷೆಯಲ್ಲಿ ಮಾಲು ತಿರಸ್ಕೃತವಾಗುತ್ತದೆ. ಪರೀಕ್ಷೆ ಇಲ್ಲದೆ ದಾಟಿದರೆ ವೈದ್ಯರು ಬರೆದ ಮದ್ದು ರೋಗಿಗೆ ಸಿಗುವುದಿಲ್ಲ. ಎರಡನೆಯದೇ ಹೆಚ್ಚಿನ ನಷ್ಟ.

ಗುರುತಿಸುವ ಬಗೆ:

ಒಂದೆಲಗ: ಉದ್ದ ತೊಟ್ಟು, ಮೂತ್ರಪಿಂಡದ ಆಕಾರದ ದುಂಡನೆಯ ಎಲೆ, ಅಂಚು ಕಚ್ಚುಕಚ್ಚು. ಗೆಣ್ಣುಗೆಣ್ಣಿಗೂ ಬೇರು.

ನೀರುಬ್ರಾಹ್ಮಿ: ತೊಟ್ಟಿಲ್ಲದ, ದಪ್ಪನೆಯ ಚಿಕ್ಕ ಎಲೆಗಳು ಎದುರುಬದುರಾಗಿರುತ್ತವೆ. ಹೂವು ಬಿಳಿ ಅಥವಾ ತಿಳಿ ನೇರಳೆ. ರುಚಿ ಕಹಿ. ಜೌಗು ನೆಲದಲ್ಲಿ ಬೆಳೆಯುತ್ತದೆ.

ಒಣಗಿ ಪುಡಿಯಾದ ಮೇಲೆ ಕಣ್ಣಳತೆಯಿಂದ ಬೇರ್ಪಡಿಸುವುದು ಕಷ್ಟ. ಆದ್ದರಿಂದ ಹಸಿಯಿರುವಾಗಲೇ ವಿಂಗಡಿಸತಕ್ಕದ್ದು. ಸಂಶಯವಿದ್ದಲ್ಲಿ ಬೇರು, ಹೂವು ಸಹಿತ ಗಿಡವನ್ನು ಬಲ್ಲವರಿಗೆ ತೋರಿಸಿ. ಬೆಂಗಳೂರಿನ ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜಿದೆ. ಇಂಥ ಕಾಲೇಜುಗಳ ದ್ರವ್ಯಗುಣ ವಿಭಾಗದಲ್ಲಿ ಕಲಿಸುವುದು ಈ ವಿದ್ಯೆಯನ್ನೇ.

ಬೆಳೆಗಾರರಾದ ನಾವು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅಡಿಕೆಯ ಕೊಳೆರೋಗಕ್ಕೂ ಕಾಫಿಯ ಎಲೆತುಕ್ಕಿಗೂ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಶೇ. 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೇಲಿನಿಂದ ತೊಟ್ಟಿಕ್ಕಿದ ತಾಮ್ರ ಕೆಳಗಿನ ಒಂದೆಲಗದ ಮೇಲೆ ಬೀಳುತ್ತದೆ, ಮಣ್ಣಿನಲ್ಲೂ ಉಳಿಯುತ್ತದೆ. ಅಂಥ ಸೊಪ್ಪನ್ನು ಔಷಧಕ್ಕೆ ಕೊಡಲಾಗದು. ಕಳೆನಾಶಕ ಬಿದ್ದ ಬದು, ಕೊಳಚೆ ಹರಿಯುವ ಚರಂಡಿಯ ಸೊಪ್ಪೂ ಬೇಡ. ಸಿಂಪರಣೆ ತಾಗದ ಕಡೆ ಪ್ರತ್ಯೇಕ ಪಾತಿ ಮಾಡುವುದೇ ಸರಿಯಾದ ದಾರಿ.

ಕೊಯ್ದ ಗಿಡವನ್ನು ಮಣ್ಣು ಹೋಗುವಂತೆ ತೊಳೆದು, ನೀರು ಬಸಿದು, ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸಿ. ನೆಲದ ಮೇಲೆ ಬೇಡ, ತಟ್ಟಿಯ ಮೇಲಿರಲಿ. ಔಷಧಕೋಶವು ಅನ್ಯವಸ್ತುಗಳಿಗೆ ಶೇ. 2ಕ್ಕಿಂತ ಹೆಚ್ಚು ಅವಕಾಶ ಕೊಡುವುದಿಲ್ಲ. ಅಂದರೆ 50 ಕಿಲೋ ಮೂಟೆಯಲ್ಲಿ ಹುಲ್ಲುಕಡ್ಡಿ, ಪರಕೀಯ ಎಲೆ ಎಲ್ಲ ಸೇರಿ 1 ಕಿಲೋ ಮೀರಕೂಡದು. ಬೂಷ್ಟು ಹಿಡಿದದ್ದನ್ನು ಒಳ್ಳೆಯದರೊಡನೆ ಬೆರೆಸಲೇಬಾರದು.

ಮೂಟೆಗೆ ಚೀಟಿ ಕಟ್ಟಿ: ಗಿಡದ ಹೆಸರು, ಕೊಯ್ದ ಸ್ಥಳ, ದಿನಾಂಕ. ಕೊಯ್ದವರು ಬರೆದ ಹೆಸರು ಸರಿಯಿದ್ದರೆ ಮುಂದಿನ ಪರೀಕ್ಷೆಗಳಿಗೆಲ್ಲ ಒಂದು ಆಧಾರವಿರುತ್ತದೆ.